ಮಧ್ಯಾಹ್ನದ ಗ್ರ್ಯಾಮಿ

ಹೋದ ಸೋಮವಾರ ರಾತ್ರಿ ಗದಗಿನಿಂದ ಅಪ್ಪನ ಫೋನ್ ಬಂತು. ಊಟ ಆತೇನು, ಟ್ರಾಫಿಕ್ ಹೆಂಗೈತಿ ಅನ್ನೋ ಮಾಮೂಲಿ ವಿಚಾರಣೆ ಯಾವುದೂ ಇಲ್ಲ. ನೇರ ವಿಷಯಕ್ಕೇ ಬಂದ್ರು.

“ತಮ್ಮಾ, ಗ್ರ್ಯಾಮಿಯೊಳಗ ತೀರಿಕೊಂಡವರ ಹೆಸರು ತೋರಿಸ್ತಾರಂತಲ್ಲ, ಅದರಾಗ ಜಾಕಿರ್ ಹುಸೇನರ ಹೆಸರ ಇಲ್ಲಂತ. ಖರೇನಾ?”

ಖರೇನೇ. ಈ ಫೆಬ್ರವರಿ 2ರಂದು ನಡೆದ 67ನೇ ಗ್ರ್ಯಾಮಿಯ ಟಿವಿ ಪ್ರಸಾರದಲ್ಲಿ, ಅಗಲಿದ ಸಂಗೀತಗಾರರನ್ನು ನೆನೆಯೋ ಭಾಗದಲ್ಲಿ ಅವರು ಇರಲಿಲ್ಲ. ಅವರು ಹೋಗಿದ್ದು ಡಿಸೆಂಬರ್ 15ಕ್ಕೆ. ಇನ್ನೂ ಎರಡು ತಿಂಗಳೂ ತುಂಬಿಲ್ಲ. ಇದೇ ಗ್ರ್ಯಾಮಿಯಲ್ಲಿ ಹೋದ ವರ್ಷ ಒಂದೇ ದಿನ ಮೂರು ಪ್ರಶಸ್ತಿ ಗೆದ್ದ ಮನುಷ್ಯ.

ನಾನು ಏನೋ ಸಮಾಧಾನ ಹೇಳೋಕೆ ಹೋದೆ. ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರಿದೆ ಅಪ್ಪಾ, ಟಿವಿಯಲ್ಲಿ ಟೈಮ್ ಕಡಿಮೆ ಇರುತ್ತೆ, ಹೀಗೆ.

“ಮೂರು ಗೆದ್ದಾಗ್ಲೂ ಟಿವಿಯಾಗ ತೋರಿಸಿರಲಿಲ್ಲಲ್ಲ” ಅಂದ್ರು ಅಪ್ಪ. ಫೋನ್ ಇಟ್ರು.

ಈ ವಾರ ಬೇರೆ ಏನೋ ಬರೆಯೋನಿದ್ದೆ. ನಮ್ಮ ಟೀಮ್ ಔಟಿಂಗ್ ಪುರಾಣ ಅರ್ಧ ಬರೆದೂ ಇಟ್ಟಿದ್ದೆ, ಅದು ಮುಂದಿನ ವಾರಕ್ಕಿರಲಿ. ಈ ಸಲದ ಗ್ರ್ಯಾಮಿ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಬಿಯಾನ್ಸೆಗೆ ಕೊನೆಗೂ ‘ವರ್ಷದ ಆಲ್ಬಮ್’ ಸಿಕ್ಕಿದ್ದು, ಕೆಂಡ್ರಿಕ್ ಲಮಾರ್ ಒಂದೇ ಹಾಡಿಗೆ ಐದು ಪ್ರಶಸ್ತಿ ಬಾಚಿದ್ದು, ಚೆನ್ನೈನಲ್ಲಿ ಬೆಳೆದ ಚಂದ್ರಿಕಾ ಟಂಡನ್ ‘ತ್ರಿವೇಣಿ’ಗೆ ಗೆದ್ದಿದ್ದು, ಎಲ್ಲಾ ರೀಲ್ಸ್‌ನಲ್ಲಿ ನೋಡಿರ್ತೀರಿ. ನನಗೆ ಬರೆಯಬೇಕು ಅನ್ನಿಸಿದ್ದು ಹೋದ ವರ್ಷದ್ದು. 2024ರ ಫೆಬ್ರವರಿ 4, 66ನೇ ಗ್ರ್ಯಾಮಿ. ಯಾಕಂದ್ರೆ ಆ ರಾತ್ರಿ ನಾನು ಎದ್ದಿದ್ದೆ.

ಎದ್ದಿದ್ದೆ ಅಂದ್ರೆ ಸಂಗೀತದ ಮೇಲಿನ ಪ್ರೀತಿಗಲ್ಲ. ಆ ವಾರ ನನ್ನದು ಆನ್‌ಕಾಲ್. ಗೊತ್ತಿಲ್ಲದವರಿಗೆ ಹೇಳ್ತೀನಿ: ಸರ್ವರ್‌ಗಳು ರಾತ್ರಿ ಹೊತ್ತು ಕೈಕೊಟ್ಟರೆ ಫೋನ್ ಬಡಿದುಕೊಳ್ಳುತ್ತೆ, ಎದ್ದು ಕೂತು ಸರಿ ಮಾಡಬೇಕು. ಮದುವೆಯಾದ ಗೆಳೆಯರು ಇದನ್ನ ಮಗು ಸಾಕೋದಕ್ಕೆ ಹೋಲಿಸ್ತಾರೆ. ನನಗೆ ಎರಡರದ್ದೂ ಪೂರ್ತಿ ಅನುಭವ ಇಲ್ಲವಾದ್ದರಿಂದ ಸುಮ್ಮನಿರ್ತೀನಿ. ಅವತ್ತು ರಾತ್ರಿ ಒಂದೂವರೆಗೆ ಒಂದು ಅಲರ್ಟ್ ಬಂತು, ಯಾವುದೋ ಡಿಸ್ಕ್ 90% ತುಂಬಿದೆ ಅಂತ. ಹಳೇ ಲಾಗ್ ಫೈಲ್‌ಗಳನ್ನ ಅಳಿಸಿದೆ. ನಿದ್ದೆ ಹಾರಿಹೋಗಿತ್ತು. ಚಹಾ ಮಾಡ್ಕೊಂಡು ಯೂಟ್ಯೂಬ್ ತೆಗೆದರೆ ಗ್ರ್ಯಾಮಿ ಲೈವ್ ಅಂತ ತೋರಿಸ್ತು.

ಇದೇನಿದು, ಗ್ರ್ಯಾಮಿ ಬರೋದು ಬೆಳಗ್ಗೆ ಆರೂವರೆಗಲ್ಲವಾ ಅಂದುಕೊಂಡೆ. ಆಮೇಲೆ ಗೊತ್ತಾಯ್ತು. ಗ್ರ್ಯಾಮಿ ಅಂದ್ರೆ ಒಂದು ಸಮಾರಂಭ ಅಲ್ಲ, ಎರಡು.

ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಸಂಜೆ 5ಕ್ಕೆ ಕ್ರಿಪ್ಟೊ ಡಾಟ್ ಕಾಮ್ ಅರೀನಾದಲ್ಲಿ ನಡೆಯೋದು ನಾವು ನೋಡೋ ಗ್ರ್ಯಾಮಿ. ಕೆಂಪು ಹಾಸು, ಟ್ರೆವರ್ ನೋವಾ ನಿರೂಪಣೆ, ಮುಂದಿನ ಸಾಲಲ್ಲಿ ಟೇಲರ್ ಸ್ವಿಫ್ಟ್. ಆದರೆ ಆ ವರ್ಷ ಇದ್ದ ವಿಭಾಗಗಳು 94. ಟಿವಿಯಲ್ಲಿ ಕೊಟ್ಟಿದ್ದು ಹತ್ತರ ಆಸುಪಾಸು. ಉಳಿದ 80ಕ್ಕೂ ಹೆಚ್ಚು ಪ್ರಶಸ್ತಿಗಳನ್ನ ಅದೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ, ಪಕ್ಕದ ಪೀಕಾಕ್ ಥಿಯೇಟರ್‌ನಲ್ಲಿ ಕೊಟ್ಟು ಮುಗಿಸಿಬಿಡ್ತಾರೆ. ಇದಕ್ಕೆ ಪ್ರೀಮಿಯರ್ ಸೆರಮನಿ ಅಂತ ಹೆಸರು. ಟಿವಿ ಚಾನೆಲ್ ಇಲ್ಲ, ಇಂಟರ್ನೆಟ್‌ನಲ್ಲಿ ಮಾತ್ರ. ಅಲ್ಲಿಯ ಮಧ್ಯಾಹ್ನ ಹನ್ನೆರಡೂವರೆ ಅಂದ್ರೆ ನಮಗೆ ಬೆಳಗಿನ ಜಾವ 2 ಗಂಟೆ.

ಜಾಝ್, ಶಾಸ್ತ್ರೀಯ, ಜಾನಪದ, ರೆಕಾರ್ಡಿಂಗ್ ಎಂಜಿನಿಯರಿಂಗ್, ಆಲ್ಬಮ್ಮಿನ ಹೊದಿಕೆ ವಿನ್ಯಾಸ, ಆಲ್ಬಮ್ಮಿನ ಜೊತೆ ಬರೋ ಟಿಪ್ಪಣಿ ಬರೆದವರು, ಎಲ್ಲರದ್ದೂ ಮಧ್ಯಾಹ್ನದಲ್ಲೇ. ‘ಗ್ಲೋಬಲ್’ ಅಂತ ಅವರು ಹೆಸರಿಟ್ಟಿರೋ, ಅಂದ್ರೆ ಅಮೆರಿಕ ಬಿಟ್ಟು ಉಳಿದ ಭೂಮಿಯ ಬಹುಪಾಲು ಸಂಗೀತವೂ ಅಲ್ಲೇ. ಹೆಸರು ಕೂಗ್ತಾರೆ, ಜನ ಓಡಿಬರ್ತಾರೆ, ಅರ್ಧ ನಿಮಿಷ ಅಮ್ಮನಿಗೆ ದೇವರಿಗೆ ಥ್ಯಾಂಕ್ಸ್ ಹೇಳ್ತಾರೆ, ಇಳೀತಾರೆ. ಮುಂದಿನ ಹೆಸರು. ಕೆಲವರು ಬಂದಿರೋದೇ ಇಲ್ಲ.

ನನಗೆ ನಮ್ಮ ಆಫೀಸಿನ ಡೆಮೊ ನೆನಪಾಯ್ತು. ಪರದೆ ಮೇಲೆ ಬಟನ್ ಬಣ್ಣ ಬದಲಾದರೆ ಚಪ್ಪಾಳೆ. ಮೂರು ವಾರ ನಿದ್ದೆಗೆಟ್ಟು ಡೇಟಾಬೇಸನ್ನ ಹಳೇದರಿಂದ ಹೊಸದಕ್ಕೆ ಸಾಗಿಸಿದವನ ಹೆಸರು ಕೊನೇ ಸ್ಲೈಡಿನಲ್ಲಿ ಸಣ್ಣ ಅಕ್ಷರದಲ್ಲಿ. (ಹೌದು, ಅದು ನಾನೇ. ಇಲ್ಲಾದ್ರೂ ಹೇಳ್ಕೋತೀನಿ.)

ಅವತ್ತಿನ ಮಧ್ಯಾಹ್ನವನ್ನ ಲೆಕ್ಕ ಹಾಕಿ ನೋಡಿ. ಇಡೀ ದಿನದಲ್ಲಿ ಅತಿ ಹೆಚ್ಚು ಗೆದ್ದವರು ಫೀಬಿ ಬ್ರಿಜರ್ಸ್, ನಾಲ್ಕು ಪ್ರಶಸ್ತಿ. ಅದರಲ್ಲಿ ಮೂರು ತನ್ನ ‘ಬಾಯ್‌ಜೀನಿಯಸ್’ ಗುಂಪಿನ ಇನ್ನಿಬ್ಬರು ಗೆಳತಿಯರ ಜೊತೆ. ಮೂವರೂ ಬಿಳಿ ಸೂಟು ಹಾಕ್ಕೊಂಡು ಮಧ್ಯಾಹ್ನ ಬಂದಿದ್ರು. ಕಿಲ್ಲರ್ ಮೈಕ್ ರ‍್ಯಾಪ್ ವಿಭಾಗದಲ್ಲಿ ಮೂರು ಪ್ರಶಸ್ತಿಗಳನ್ನ ಮಧ್ಯಾಹ್ನವೇ ಗೆದ್ದರು. ಗೆದ್ದ ಹಾಡಿನ ಹೆಸರು ‘ಸೈಂಟಿಸ್ಟ್ಸ್ ಆ್ಯಂಡ್ ಎಂಜಿನಿಯರ್ಸ್’. ಬೆಳಗಿನ ಜಾವ ಮೂರರ ಹೊತ್ತಿಗೆ ನನ್ನ ಜಾತಿಯವರಿಗೆ ಸಿಕ್ಕ ಏಕೈಕ ಗೌರವ ಅದು. ಆಫ್ರಿಕನ್ ಸಂಗೀತಕ್ಕೆ ಅಂತ ಮೊದಲ ಸಲ ಒಂದು ವಿಭಾಗ ಮಾಡಿದ್ರು, ಅದನ್ನ ದಕ್ಷಿಣ ಆಫ್ರಿಕಾದ ಟೈಲಾ ಗೆದ್ದರು. ಆ ‘ವಾಟರ್’ ಹಾಡಿಗೆ ನೀವೂ ಒಂದು ಸ್ಟೆಪ್ ಹಾಕಿ ಅಪ್‌ಲೋಡ್ ಮಾಡಿರಬಹುದು, ನಾಚಿಕೆ ಬೇಡ.

ಆಮೇಲೆ ನಮ್ಮವರು.

ಜಾಕಿರ್ ಹುಸೇನ್, ಬ್ಯಾಂಜೊ ನುಡಿಸೋ ಬೇಲಾ ಫ್ಲೆಕ್, ಡಬಲ್ ಬೇಸ್‌ನ ಎಡ್ಗರ್ ಮೇಯರ್, ಬಾನ್ಸುರಿಯ ರಾಕೇಶ್ ಚೌರಾಸಿಯಾ. ಈ ನಾಲ್ವರ ‘ಆ್ಯಸ್ ವಿ ಸ್ಪೀಕ್’ ಆಲ್ಬಮ್ಮಿಗೆ ಸಮಕಾಲೀನ ವಾದ್ಯಸಂಗೀತದ ಪ್ರಶಸ್ತಿ. ಅದೇ ಆಲ್ಬಮ್ಮಿನ ‘ಪಶ್ತೋ’ ಅನ್ನೋ ರಚನೆಗೆ ಗ್ಲೋಬಲ್ ಪರ್ಫಾರ್ಮೆನ್ಸ್ ಪ್ರಶಸ್ತಿ. ರಾಕೇಶ್ ಅವರು ಹರಿಪ್ರಸಾದ್ ಚೌರಾಸಿಯಾ ಅವರ ಅಣ್ಣನ ಮಗನೋ ತಮ್ಮನ ಮಗನೋ ಅಂತ ಅಪ್ಪ ಆಮೇಲೆ ಅಮ್ಮನ ಜೊತೆ ಅರ್ಧ ಗಂಟೆ ವಾದ ಮಾಡಿದ್ರು, ಅದು ಬೇರೆ ಕಥೆ.

‘ಪಶ್ತೋ’ ಇದ್ದ ವಿಭಾಗದಲ್ಲೇ ಇನ್ನೊಂದು ಭಾರತದ ನಂಟಿನ ಹಾಡೂ ಇತ್ತು, ‘ಅಬಂಡನ್ಸ್ ಇನ್ ಮಿಲೆಟ್ಸ್’. 2023 ಸಿರಿಧಾನ್ಯ ವರ್ಷ ಅಂತ ಫಾಲು ಮತ್ತು ಗೌರವ್ ಶಾ ಮಾಡಿದ್ದು, ಅದರಲ್ಲಿ ಪ್ರಧಾನಿ ಮೋದಿಯವರ ಭಾಷಣದ ತುಣುಕು ಇದೆ. ಅದರಿಂದ ಏನಾಯ್ತು ಅಂದ್ರೆ, ನಮ್ಮ ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ವಿಭಾಗದ ಬಗ್ಗೆ ವಾರವಿಡೀ ಚರ್ಚೆ ನಡೀತು, ಜಾಕಿರ್ ಹುಸೇನ್ ಹೆಸರು ಮಾತ್ರ ಒಬ್ಬರೂ ಎತ್ತಲಿಲ್ಲ. ಫಲಿತಾಂಶ ಬಂದಮೇಲೆ ಒಬ್ಬ ಕೇಳಿದ: “ಪಶ್ತೋ ಅಂದ್ರೆ ಅಫ್ಘಾನಿಸ್ತಾನದವರಾ?”

ಮೂರನೇದು ‘ಶಕ್ತಿ’.

ನಿಮ್ಮಲ್ಲಿ ಕೆಲವರಿಗೆ ‘ಶಕ್ತಿ’ ಅಂದ್ರೆ ಉಚಿತ ಬಸ್ಸಿನ ಯೋಜನೆ ಅಷ್ಟೇ ನೆನಪಾಗಬಹುದು. ಇದು ಅದಕ್ಕಿಂತ 50 ವರ್ಷ ಹಳೇದು. ಮೈಲ್ಸ್ ಡೇವಿಸ್ ಜೊತೆ ಗಿಟಾರ್ ನುಡಿಸಿದ್ದ ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್‌ಗೆ ಭಾರತೀಯ ಸಂಗೀತದ ಹುಚ್ಚು ಹಿಡೀತು. ಇಪ್ಪತ್ತರ ಹರೆಯದ ಜಾಕಿರ್ ಹುಸೇನ್, ಪಿಟೀಲಿನ ಎಲ್. ಶಂಕರ್, ಘಟದ ವಿಕ್ಕು ವಿನಾಯಕರಾಮ್ ಸೇರಿದ್ರು. ತಬಲಾ ಮತ್ತು ಘಟ ಒಂದೇ ವೇದಿಕೆ ಮೇಲೆ! ಹಿಂದೂಸ್ತಾನಿ, ಕರ್ನಾಟಕಿ ಅಂತ ನಾವು ಇಲ್ಲಿ ಗೋಡೆ ಕಟ್ಟಿಕೊಂಡು ಕೂತಿದ್ದಾಗ ಅವರು ಅಲ್ಲಿ ಒಂದು ಗಿಟಾರ್ ಮಧ್ಯೆ ಇಟ್ಕೊಂಡು ಮಾತಾಡೋಕೆ ಶುರು ಮಾಡಿದ್ರು. 1976, 77ರಲ್ಲಿ ಮೂರು ಆಲ್ಬಮ್ ಬಂತು. ಆಮೇಲೆ ಚದುರಿದ್ರು. 90ರ ದಶಕದ ಕೊನೆಯಲ್ಲಿ ಮತ್ತೆ ಸೇರಿದ್ರು, ಮ್ಯಾಂಡೊಲಿನ್ ಶ್ರೀನಿವಾಸ್ ಬಂದ್ರು. 2014ರಲ್ಲಿ ಶ್ರೀನಿವಾಸ್ 45ನೇ ವಯಸ್ಸಿಗೇ ಹೋಗಿಬಿಟ್ರು. ಇದೆಲ್ಲಾ ದಾಟಿ 2023ರಲ್ಲಿ ‘ದಿಸ್ ಮೊಮೆಂಟ್’ ಅಂತ ಹೊಸ ಸ್ಟುಡಿಯೊ ಆಲ್ಬಮ್. ಹಿಂದಿನದಕ್ಕೂ ಇದಕ್ಕೂ ಮಧ್ಯೆ 45 ವರ್ಷಕ್ಕೂ ಹೆಚ್ಚು ಅಂತರ. ನಮ್ಮಲ್ಲಿ ಎರಡು ವರ್ಷ ಅಪ್‌ಡೇಟ್ ಬರದ ಸಾಫ್ಟ್‌ವೇರನ್ನ ಸತ್ತಿದೆ ಅಂತ ಘೋಷಿಸ್ತೀವಿ.

ಹೊಸ ಗುಂಪಿನಲ್ಲಿ ಪಿಟೀಲು ಗಣೇಶ್ ರಾಜಗೋಪಾಲನ್ ಅವರದ್ದು, ನಮ್ಮ ಕಚೇರಿಗಳಲ್ಲಿ ಕೇಳಿದ್ದೀರಲ್ಲ, ಗಣೇಶ್–ಕುಮರೇಶ್ ಜೋಡಿಯ ಗಣೇಶ್. ಖಂಜಿರಕ್ಕೆ ಸೆಲ್ವಗಣೇಶ್, ಮೊದಲಿನ ಗುಂಪಿನ ವಿಕ್ಕು ವಿನಾಯಕರಾಮ್ ಅವರ ಮಗ. ಹಾಡುಗಾರಿಕೆ ಶಂಕರ್ ಮಹಾದೇವನ್.

ಇಲ್ಲೊಂದು ನಿಮಿಷ ನಿಲ್ತೀನಿ. ಶಂಕರ್ ಮಹಾದೇವನ್ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವನ್ನೂ ಮಾಡಿದ್ರು. ಆಮೇಲೆ ಬಿಟ್ರು. ಈ ವಿಷಯ ಪ್ರತಿ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲೂ ರಾತ್ರಿ ಹನ್ನೆರಡರ ನಂತರ ಯಾರಾದ್ರೂ ಹೇಳೇ ಹೇಳ್ತಾರೆ. ಗಿಟಾರ್ ಇರೋ ಹುಡುಗ ತಲೆದೂಗ್ತಾನೆ. ಮಾರನೇ ದಿನ ಅವನೇ ಕ್ಯಾಂಪಸ್ ಇಂಟರ್‌ವ್ಯೂಗೆ ಟೈ ಕಟ್ಕೊಂಡು ನಿಂತಿರ್ತಾನೆ. ನನ್ನ ಬ್ಯಾಚಿನ ಆ ಹುಡುಗ ಈಗ ಪುಣೆಯಲ್ಲಿ ಮ್ಯಾನೇಜರ್. ಗಿಟಾರ್ ಇದೆ, ಬೀರುವಿನ ಮೇಲೆ.

‘ಶಕ್ತಿ’ ಹೆಸರು ಕೂಗಿದಾಗ ವೇದಿಕೆ ಹತ್ತಿದ್ದು ನಾಲ್ವರು ಭಾರತೀಯರು. ಮೆಕ್‌ಲಾಫ್ಲಿನ್ ಬಂದಿರಲಿಲ್ಲ. ಶಂಕರ್ ಮಹಾದೇವನ್ ದೇವರು, ಕುಟುಂಬ, ಭಾರತ ಎಲ್ಲರನ್ನೂ ನೆನೆದು, ಕೊನೆಗೆ ಪ್ರಶಸ್ತಿಯನ್ನ ಹೆಂಡತಿಗೆ ಅರ್ಪಿಸಿದ್ರು. ಬೆಂಗಳೂರಿನ ರಿಕಿ ಕೇಜ್ ಆ ವಿಡಿಯೊವನ್ನ ಕೂಡಲೇ ಹಂಚಿಕೊಂಡ್ರು, ನಮ್ಮಲ್ಲಿ ಬಹಳ ಜನ ನೋಡಿದ್ದು ಅದನ್ನೇ. ರಿಕಿ ಕೇಜ್ ಅವರದ್ದೂ ಮೂರು ಗ್ರ್ಯಾಮಿ. ಅವರು ಓದಿದ್ದು ದಂತವೈದ್ಯಕೀಯ. ಒಟ್ಟಿನಲ್ಲಿ ಗ್ರ್ಯಾಮಿ ಬೇಕಾದರೆ ಪ್ರೊಫೆಷನಲ್ ಕೋರ್ಸ್ ಓದಿ ಬಿಡಬೇಕು ಅನ್ನಿಸುತ್ತೆ. ನಾವು ಮೊದಲರ್ಧ ಮಾತ್ರ ಮಾಡಿದ್ದೀವಿ.

ಈಗ ಅಪ್ಪನ ಕಥೆ ಹೇಳಲೇಬೇಕು.

ಅಪ್ಪ ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ರು. ಪುಟ್ಟರಾಜ ಗವಾಯಿಗಳ ಊರಿನಲ್ಲಿ ಹುಟ್ಟಿದ ಮೇಲೆ ಒಂದಿಷ್ಟು ಸಂಗೀತ ಮೈಗೆ ಅಂಟದೇ ಇರಲ್ಲ. ಭಜನೆಗೆ ತಬಲಾ ಸಾಥ್ ಕೊಡ್ತಿದ್ರು. ದೊಡ್ಡ ವಾದಕರೇನಲ್ಲ, ಅವರೇ ಹೇಳ್ತಾರೆ, “ನಾ ಬರೇ ಠೇಕಾ ಮನಷ್ಯಾ”. ಅಂದ್ರೆ ತಾಳ ತಪ್ಪದಂತೆ ಹಿಡಿದುಕೊಂಡು ಹೋಗೋನು, ಜಾಣತನ ತೋರಿಸದವನು. ಅಂಥ ಮನುಷ್ಯನಿಗೆ ಜಾಕಿರ್ ಹುಸೇನ್ ಅಂದ್ರೆ ದೇವರು. ಟಿವಿಯಲ್ಲಿ ಆ ಚಹಾ ಜಾಹೀರಾತು ಬಂದಾಗ ನಮ್ಮನೇಲಿ ಯಾರೂ ಮಾತಾಡೋ ಹಾಗಿರಲಿಲ್ಲ. ಕೂದಲು ಹಾರಿಸಿಕೊಂಡು ನುಡಿಸಿ, ಬಟ್ಟಲು ಎತ್ತಿ ‘ವಾಹ್ ತಾಜ್’ ಅನ್ನೋರು. ಅಪ್ಪ ಅಮ್ಮನ ಚಹಾ ಕುಡಿದಾಗೆಲ್ಲಾ ಅದನ್ನೇ ಹೇಳೋರು. ಅಮ್ಮ ಹಾಕೋದು ಅಂಗಡಿಯ ಸಡಿಲ ಪುಡಿ.

ಆ ದೇವರನ್ನ ಅಪ್ಪ ಒಂದು ಸಲವೂ ಎದುರಿಗೆ ಕಂಡಿರಲಿಲ್ಲ.

2023ರ ಜನವರಿಯಲ್ಲಿ, 50 ವರ್ಷದ ಪ್ರವಾಸ ಅಂತ ‘ಶಕ್ತಿ’ ಬೆಂಗಳೂರಿಗೆ ಬಂತು. ನಾನು ಎರಡು ಟಿಕೆಟ್ ಆ್ಯಪ್‌ನಲ್ಲಿ ಆರಿಸಿ ಇಟ್ಟಿದ್ದೆ. ಅಪ್ಪನಿಗೆ ಹೇಳಿದ್ದೂ ಆಗಿತ್ತು. ಅವರು ರೈಲು ನೋಡಿಕೊಂಡಿದ್ರು, ಯಾವ ಅಂಗಿ ಹಾಕ್ಕೋಬೇಕು ಅಂತ ಅಮ್ಮನನ್ನ ಕೇಳಿದ್ರಂತೆ. ಅಷ್ಟರಲ್ಲಿ ಆಫೀಸಿನಲ್ಲಿ ರಿಲೀಸ್ ದಿನಾಂಕ ಸರಿದು ಸರಿದು ಅದೇ ಸಂಜೆಗೆ ಬಂದು ಕೂತ್ಕೊಳ್ತು. ಕೇಳಿದ್ರೆ ಬಿಡ್ತಿದ್ರೇನೋ. ನಾನು ಕೇಳಲೇ ಇಲ್ಲ. ಅಪ್ರೈಸಲ್ ಹತ್ತಿರ ಇತ್ತು.

ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ ಅವರು ಅಂದಿದ್ದು ಇಷ್ಟೇ: “ಇರ್ಲಿ ಬಿಡೋ. ಮತ್ತ ಬರ್ತಾರ.”

ಆ ರಿಲೀಸನ್ನ ಮೂರು ದಿನದ ಮೇಲೆ ಹಿಂದಕ್ಕೆ ತಗೊಂಡ್ವಿ. ಗ್ರಾಹಕರಿಗೆ ಬೇಡವಂತೆ.

ಮತ್ತೆ ಆ ಫೆಬ್ರವರಿ ರಾತ್ರಿಗೆ ಬರ್ತೀನಿ. ಮೂರು ಪ್ರಶಸ್ತಿ ಆದಾಗ ಇಲ್ಲಿನ್ನೂ ಕತ್ತಲೆ. ಅಪ್ಪನಿಗೆ ಆಗಲೇ ಫೋನ್ ಮಾಡಬೇಕು ಅನ್ನಿಸ್ತು. ಅಷ್ಟೊತ್ತಿಗೆ ಫೋನ್ ಬಂದ್ರೆ ಗಾಬರಿಯಾಗ್ತಾರೆ ಅಂತ ಆರೂವರೆವರೆಗೆ ಕಾದೆ. ಆರೂವರೆಗೆ ಫೋನ್ ಮಾಡಿ, “ಟಿವಿ ಹಚ್ಚಿ ಅಪ್ಪಾ, ಗ್ರ್ಯಾಮಿ ಶುರುವಾಗ್ತದ, ನಿಮ್ಮ ಉಸ್ತಾದರು ಮೂರು ಗೆದ್ದಾರ” ಅಂದೆ. ಇದು ನಾನು ಮಾಡಿದ ತಪ್ಪು. ಟಿವಿಯಲ್ಲಿ ಅವರು ಬರಲ್ಲ ಅನ್ನೋದು ನಿದ್ದೆಗೆಟ್ಟ ತಲೆಗೆ ಹೊಳೀಲೇ ಇಲ್ಲ. ಅವರ ಸೆಟ್‌ಟಾಪ್ ಬಾಕ್ಸಿಗೆ ಆ ಚಾನೆಲ್ ಬೇರೆ ಬರ್ತಿರಲಿಲ್ಲ. ಮೊಬೈಲಿನಲ್ಲಿ ಹೇಗೋ ಒಂದು ಲಿಂಕ್ ಹಚ್ಚಿಕೊಟ್ಟೆ. ಅಪ್ಪ, ಅಮ್ಮ ಇಬ್ಬರೂ ಬೆಳಗಿನ ಚಹಾ ಹಿಡಕೊಂಡು ಮೂರೂವರೆ ಗಂಟೆ ಅಮೆರಿಕದ ಗ್ರ್ಯಾಮಿ ನೋಡಿದ್ರು, ಜಾಕಿರ್ ಹುಸೇನ್ ಈಗ ಬರ್ತಾರೆ, ಈಗ ಬರ್ತಾರೆ ಅಂತ.

ನಾನು ಇಲ್ಲಿ ಅದನ್ನೇ ನೋಡ್ತಿದ್ದೆ. ಸ್ಟ್ಯಾಂಡ್‌ಅಪ್ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡು.

ಟಿವಿಯ ಭಾಗ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಶುರುವಿನಲ್ಲೇ ಟ್ರೇಸಿ ಚಾಪ್‌ಮನ್. 1988ರಲ್ಲಿ ‘ಫಾಸ್ಟ್ ಕಾರ್’ ಬರೆದು ಹಾಡಿದವರು, ವೇದಿಕೆಗೆ ಬರೋದೇ ಅಪರೂಪ. 2023ರಲ್ಲಿ ಲ್ಯೂಕ್ ಕೂಂಬ್ಸ್ ಅನ್ನೋ ಕಂಟ್ರಿ ಗಾಯಕ ಆ ಹಾಡನ್ನ ಮತ್ತೆ ಹಾಡಿ ಗೆಲ್ಲಿಸಿದ್ದ. ಇಬ್ಬರೂ ಸೇರಿ ಹಾಡಿದ್ರು. ಚಾಪ್‌ಮನ್ ಹಾಡುವಾಗ ಕೂಂಬ್ಸ್ ಪಕ್ಕದಲ್ಲಿ ನಿಂತು ಆಕೆಯನ್ನೇ ನೋಡ್ತಾ, ಸದ್ದಿಲ್ಲದೆ ತುಟಿ ಆಡಿಸ್ತಿದ್ದ, ದೇವಸ್ಥಾನದಲ್ಲಿ ಅರ್ಚಕರ ಜೊತೆ ಮಂತ್ರ ಗುನುಗೋ ಭಕ್ತನ ಥರ. ಕೂಂಬ್ಸ್‌ನ ಹಾಡಿಗೆ ಅವತ್ತು ಪ್ರಶಸ್ತಿ ಬರಲಿಲ್ಲ, ಕ್ರಿಸ್ ಸ್ಟೇಪಲ್‌ಟನ್ ಗೆದ್ದರು. ಆ ರಾತ್ರಿ ಜನ ಹುಡುಕಿ ಕೊಂಡು ಕೇಳಿದ್ದು ಮಾತ್ರ ಚಾಪ್‌ಮನ್‌ರ 1988ರ ಮೂಲ ಹಾಡನ್ನ.

ಜೋನಿ ಮಿಚೆಲ್ ಇನ್ನೊಬ್ಬರು. 80 ವರ್ಷ. 2015ರಲ್ಲಿ ಮೆದುಳಿನ ರಕ್ತನಾಳದ ತೊಂದರೆಯಾಗಿ ನಡಿಗೆ, ಮಾತು ಎಲ್ಲಾ ಹೊಸದಾಗಿ ಕಲಿತವರು. ಜೀವನದಲ್ಲಿ ಮೊದಲ ಸಲ ಗ್ರ್ಯಾಮಿ ವೇದಿಕೆಯಲ್ಲಿ ಹಾಡಿದ್ದು ಅವತ್ತು, ಕುರ್ಚಿಯಲ್ಲಿ ಕೂತು, ಕೈಯಲ್ಲಿ ಕೋಲು ಹಿಡಿದು. ಹಾಡಿದ್ದು ‘ಬೋತ್ ಸೈಡ್ಸ್ ನೌ’, ತಾನು ಇಪ್ಪತ್ತರ ಆಸುಪಾಸಿನಲ್ಲಿ ಬರೆದ ಹಾಡು. ದನಿ ಆಳಕ್ಕೆ ಇಳಿದಿತ್ತು. ಅಮ್ಮ ಆ ಹೊತ್ತಿನಲ್ಲಿ, “ಅಜ್ಜಿ ಭಾಳ ಛಲೋ ಹಾಡ್ತಾಳ” ಅಂದ್ರಂತೆ. ಅಂದಹಾಗೆ ಜೋನಿ ಮಿಚೆಲ್ ಅವತ್ತು ಗೆದ್ದ ಜಾನಪದ ಆಲ್ಬಮ್ ಪ್ರಶಸ್ತಿಯನ್ನೂ ಮಧ್ಯಾಹ್ನವೇ ಕೊಟ್ಟು ಮುಗಿಸಿದ್ರು.

ಉಳಿದದ್ದು ಬೇಗ ಹೇಳ್ತೀನಿ. ಮೈಲಿ ಸೈರಸ್‌ಗೆ ‘ಫ್ಲವರ್ಸ್’ನಿಂದ ಮೊಟ್ಟಮೊದಲ ಗ್ರ್ಯಾಮಿ, ಅದೇ ರಾತ್ರಿ ಎರಡನೇದೂ. ಬಾರ್ಬಿ ಸಿನಿಮಾದ ಹಾಡಿಗೆ ಬಿಲ್ಲಿ ಐಲಿಶ್ ‘ವರ್ಷದ ಹಾಡು’ ಗೆದ್ದರು. ಟೇಲರ್ ಸ್ವಿಫ್ಟ್ ‘ಮಿಡ್‌ನೈಟ್ಸ್’ಗೆ ನಾಲ್ಕನೇ ಸಲ ‘ವರ್ಷದ ಆಲ್ಬಮ್’. ಆ ಪ್ರಶಸ್ತಿಯನ್ನ ಯಾವ ಗಾಯಕರೂ ಅಷ್ಟು ಸಲ ಗೆದ್ದಿರಲಿಲ್ಲ. ಅದನ್ನ ಕೊಡೋಕೆ ಬಂದಿದ್ದು ಸೆಲೀನ್ ಡಿಯಾನ್, ಮೈ ಸೆಡೆಯೋ ಅಪರೂಪದ ಕಾಯಿಲೆಯ ಮಧ್ಯೆ. ಸ್ವಿಫ್ಟ್ ಇದಕ್ಕೂ ಮುಂಚೆ ಇನ್ನೊಂದು ಪ್ರಶಸ್ತಿ ತಗೊಳ್ಳೋವಾಗ ಮುಂದಿನ ಆಲ್ಬಮ್ ಘೋಷಣೆಯನ್ನೂ ಮಾಡಿಬಿಟ್ರು. ಪ್ರಶಸ್ತಿ ಭಾಷಣದಲ್ಲೇ ಪ್ರಾಡಕ್ಟ್ ಲಾಂಚ್, ನಮ್ಮ ಮಾರ್ಕೆಟಿಂಗ್ ತಂಡ ಇನ್ನೂ ಅದನ್ನ ಉದಾಹರಣೆ ಕೊಡುತ್ತೆ.

ವಿಕ್ಟೋರಿಯಾ ಮೊನೆಯ್ ‘ಹೊಸ ಕಲಾವಿದೆ’ ಪ್ರಶಸ್ತಿ ಗೆದ್ದರು. ಹೊಸಬರೇನಲ್ಲ, ವರ್ಷಗಟ್ಟಲೆ ಅರಿಯಾನಾ ಗ್ರಾಂಡೆಯಂಥವರಿಗೆ ಹಾಡು ಬರೆದುಕೊಟ್ಟವರು. 15 ವರ್ಷದ ಬೆನ್ನಟ್ಟುವಿಕೆ ಇದು ಅಂತ ಹೇಳಿದ್ರು. ಮಣ್ಣಿನೊಳಗೆ ಬೇರು ಬಿಡ್ತಾ ಇದ್ದ ಗಿಡ ಈಗ ಮೇಲೆ ಬಂದಿದೆ ಅನ್ನೋ ಅರ್ಥದ ಮಾತು. ಜೇ-ಝೀ ಮಗಳನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ಸಂಘಟಕರಿಗೇ ಲೆಕ್ಕ ಕೇಳಿದ್ರು: ಎಲ್ಲರಿಗಿಂತ ಹೆಚ್ಚು ಗ್ರ್ಯಾಮಿ ಇರೋ ನನ್ನ ಹೆಂಡತಿಗೆ ಒಂದು ಸಲವೂ ‘ವರ್ಷದ ಆಲ್ಬಮ್’ ಇಲ್ಲ, ನಿಮ್ಮದೇ ಅಳತೆಗೋಲಿನಲ್ಲೂ ಇದು ತಾಳೆಯಾಗಲ್ಲ ಅಂತ. ಒಂದು ವರ್ಷದಲ್ಲಿ ಅದು ಸಿಕ್ಕಿತು. ಕೇಳೋಕೆ ಮೈಕ್ ಇರಬೇಕು.

ಹತ್ತು ಗಂಟೆಗೆ ಎಲ್ಲಾ ಮುಗೀತು. ಅಪ್ಪನ ಫೋನ್.

“ಬರ್ಲೇ ಇಲ್ಲಲ್ಲೋ ತಮ್ಮಾ.”

ಆಗ ಮಧ್ಯಾಹ್ನದ ಸಮಾರಂಭದ ಕಥೆ ಹೇಳಿದೆ. ವಿಡಿಯೊ ಹುಡುಕಿ ಕಳಿಸಿದೆ. ಅಪ್ಪ ಅದನ್ನ ನೋಡಿ ಮತ್ತೆ ಫೋನ್ ಮಾಡಿದ್ರು. ಖುಷಿಯಾಗಿದ್ರು. ಆಮೇಲೆ ‘ಪಶ್ತೋ’ ಕಳಿಸಿದೆ. ಅದಕ್ಕೆ ಬಂದ ಉತ್ತರ ಸಂಜೆಗೆ, ನಾಲ್ಕು ನಿಮಿಷದ ವಾಯ್ಸ್ ನೋಟ್. ಪಶ್ತೋ ಅನ್ನೋದು ಬರೀ ಭಾಷೆ ಅಲ್ಲ, ಆ ಹೆಸರಿನ ತಾಳವೂ ಐತಿ, 7 ಮಾತ್ರೆ, ರೂಪಕದ ದಾಯಾದಿ ಅಂತ ಶುರು ಮಾಡಿ, ರೂಪಕ ಹೆಂಗೆ ಅಂತ ಹಿಡಿದ್ರು. ತೀ ತೀ ನಾ, ಧೀ ನಾ, ಧೀ ನಾ. ಬೇರೆ ತಾಳದಲ್ಲೆಲ್ಲಾ ಮೊದಲ ಮಾತ್ರೆಗೆ ಚಪ್ಪಾಳೆ ಹೊಡೀತಾರೆ. ರೂಪಕದಲ್ಲಿ ಮಾತ್ರ ಮೊದಲ ಮಾತ್ರೆಯೇ ಖಾಲಿ. ಅಲ್ಲಿ ಕೈ ತಟ್ಟೋ ಹಾಗಿಲ್ಲ, ಗಾಳಿಯಲ್ಲಿ ಬೀಸಿ ಬಿಡಬೇಕು. ಚಿಕ್ಕವನಿದ್ದಾಗ ನನಗೆ ಇದನ್ನ ಕಲಿಸೋಕೆ ಹೋಗಿ ಸೋತಿದ್ರು. ನಾನು ಮೊದಲ ಮಾತ್ರೆಗೇ ಜೋರಾಗಿ ಚಪ್ಪಾಳೆ ಹೊಡೀತಿದ್ದೆ. ಪಿಯುಸಿ ಬಂತು, ಸಿಇಟಿ ಬಂತು, ಅಲ್ಲಿಗೆ ಆ ಪಾಠ ನಿಂತಿತ್ತು.

“ಈ ವರ್ಷ ಮತ್ತ ಬಂದ್ರ ಹೋಗೂಣು” ಅಂತ ಆ ವಾಯ್ಸ್ ನೋಟಿನ ಕೊನೆಗೆ. ಖಂಡಿತಾ ಅಪ್ಪಾ ಅಂತ ಬರೆದು ಒಂದು ನಮಸ್ಕಾರದ ಇಮೋಜಿ ಹಾಕಿದ್ದೆ.

2024ರ ಡಿಸೆಂಬರ್ 15, ಸ್ಯಾನ್ ಫ್ರಾನ್ಸಿಸ್ಕೊ. ಶ್ವಾಸಕೋಶದ ಕಾಯಿಲೆ, 73 ವಯಸ್ಸು. ನಮಗೆ ಖಚಿತ ಸುದ್ದಿ ಬಂದಾಗ ಸೋಮವಾರ ಬೆಳಗ್ಗೆ. ಹಿಂದಿನ ರಾತ್ರಿಯಿಂದ ಹೌದು, ಅಲ್ಲ ಅಂತ ಗೊಂದಲ ನಡೆದಿತ್ತು. ಅಪ್ಪ ರಾತ್ರಿಯಿಡೀ ಮಲಗಿರಲಿಲ್ಲ ಅಂತ ಅಮ್ಮ ಹೇಳಿದ್ರು. ನಾನು ಅವತ್ತು ಆಫೀಸಿಗೆ ರಜೆ ಹಾಕಲಿಲ್ಲ. ಮೆಟ್ರೊದಲ್ಲಿ ‘ದಿಸ್ ಮೊಮೆಂಟ್’ ಹಾಕಿಕೊಂಡೆ. ಇಂದಿರಾನಗರ ಬರೋ ಹೊತ್ತಿಗೆ ನಿಲ್ಲಿಸಿದೆ.

ಅದಾಗಿ ಹೋದ ಸೋಮವಾರ ಆ ಫೋನ್. ಆ ಟಿವಿ ಪ್ರಸಾರದಲ್ಲಿ ಹೆಸರು ಇಲ್ಲದ್ದಕ್ಕೆ ನಮ್ಮಲ್ಲಿ ಎಲ್ಲರೂ ಸಿಟ್ಟು ಮಾಡ್ಕೊಂಡ್ರು, ನಾನೂ ಒಂದು ಖಾರದ ಪೋಸ್ಟ್ ಟೈಪ್ ಮಾಡಿದೆ. ಅವರ ಹೆಸರು ಬಿಟ್ಟಿದ್ದು ಸಣ್ಣ ತಪ್ಪಲ್ಲ. ರವಿಶಂಕರ್ ನಂತರ ಭಾರತದ ವಾದ್ಯವನ್ನ ಅಷ್ಟು ದೇಶದ ಕಿವಿಗೆ ಮುಟ್ಟಿಸಿದವರು ಇನ್ಯಾರು? ಆದರೆ ಪೋಸ್ಟ್ ಮಾಡೋಕೆ ಹೋದಾಗ ಬೆರಳು ನಿಂತಿತು. ಅಮೆರಿಕದ ಟಿವಿಯವರು ಮೂರು ನಿಮಿಷ ಕೊಡಲಿಲ್ಲ ಅಂತ ನಾನು ಬೈಯ್ತಿದ್ದೀನಿ. ನಾನು ಒಂದು ಸಂಜೆ ಕೊಡಲಿಲ್ಲ. ಅಳಿಸಿದೆ.

ಈ ಶನಿವಾರ ಗದಗಿಗೆ ಹೋದೆ, ಹೇಳದೇ. ಆನ್‌ಕಾಲ್ ಇತ್ತು, ಟೀಮಿನ ಹುಡುಗಿಯೊಬ್ಬಳು ಅದಲುಬದಲು ಮಾಡ್ಕೊಂಡಳು. ಕೇಳಿದ ಒಂದೇ ನಿಮಿಷಕ್ಕೆ ಹೂಂ ಅಂದಳು.

ಅಪ್ಪ ಅಟ್ಟದಿಂದ ತಬಲಾ ಇಳಿಸಿದ್ರು. ಡಗ್ಗಾದ ಚರ್ಮ ಹರಿದಿದೆ. ತಬಲಾದ ಸುತ್ತಿಗೆ ಸಿಗಲಿಲ್ಲ, ಅಮ್ಮ ಅದನ್ನ ಕೊಬ್ಬರಿ ಒಡೆಯೋಕೆ ಇಟ್ಟುಕೊಂಡಿದ್ರು ಅಂತ ಆಮೇಲೆ ಗೊತ್ತಾಯ್ತು. ಶ್ರುತಿ ಸರಿಯಾಗಲಿಲ್ಲ. ಅಪ್ಪ ಬಲಗೈ ಒಂದರಲ್ಲೇ ಸ್ವಲ್ಪ ಹೊತ್ತು ನುಡಿಸಿದ್ರು, ನನಗೆ ಕೈಯಲ್ಲಿ ತಾಳ ಹಾಕು ಅಂದ್ರು. ರೂಪಕ. ಮೊದಲ ಸುತ್ತಿನಲ್ಲೇ ನಾನು ಒಂದನೇ ಮಾತ್ರೆಗೆ ಚಪ್ಪಾಳೆ ಹೊಡೆದುಬಿಟ್ಟೆ.

“ಖಾಲಿ, ಖಾಲಿ” ಅಂದ್ರು ಅಪ್ಪ, ನುಡಿಸೋದು ನಿಲ್ಲಿಸದೇ.

ಒಳಗಿಂದ ಅಮ್ಮ, ಚಾ ಆರಾಕತ್ತೈತಿ ಅಂತ ಎರಡು ಸಲ ಕೂಗಿದ್ರು.